ದೀಪವಾರಿದ ಊರು

ನಮ್ಮ ಕಂದಾಯದ ದಫ್ತರಗಳಲ್ಲಿ 'ಬೇಚಿರಾಕ್ ಗ್ರಾಮ' ಎಂಬುದೊಂದು ಮಾತುಂಟು. ದೀಪವಿಲ್ಲದ ಊರೆಂದು ಅದರ ಅರ್ಥ. ಎಲ್ಲೆಕಟ್ಟುಗಳಿದ್ದು ಒಕ್ಕಲು ಮಾತ್ರ ಇಲ್ಲದಂತಹ ಹಳ್ಳಿಗಳು ಇಂಗ್ಲೆಂಡಿನಲ್ಲಿಯೂ ಇರುವುವೆಂದರೆ, ಅವುಗಳ ಸಂಖ್ಯೆ ಸುಮಾರು 3,000ವೆಂದರೆ, ವಾಚಕರಿಗೆ ಆಶ್ಚರ್ಯವಾದೀತು. ಅವುಗಳಲ್ಲಿ ಯಾರ್ಕ್‌ಷೈರ್ ಸೀಮೆಯ ವಾರಮ್ ಪರ್ಸಿಯು ಸುಪ್ರಸಿದ್ಧವಾದುದು.

ಇಂದು ಅಲ್ಲಿಗೆ ಹೋದವರಿಗೆ ಕಾಣತಕ್ಕುದು ಮಾಡಿಲ್ಲದ ಒಂದು ಇಗರ್ಜಿ, ಅದರ ಅರ್ಧ ಕುಸಿದ ಗೋಪುರ, ಹುಲ್ಲು ಮುಚ್ಚಿದ ದಿಣ್ಣೆತಗ್ಗುಗಳು, ಇಷ್ಟೇ. ಲೀಡ್ಸ್ ವಿಶ್ವವಿದ್ಯಾನಿಲಯದಲ್ಲಿ ಆರ್ಥಿಕ ಚರಿತ್ರೆಯನ್ನು ಬೋಧಿಸುತ್ತಿದ್ದ ಮಾರಿಸ್ ಬೆರೆಸ್‌ಫರ್ಡರು 1948ರಲ್ಲಿ ಈ ಸ್ಥಳವನ್ನು ಕಂಡರು. 1950ರಲ್ಲಿ ಅಗೆತವು ಮೊದಲಾಯಿತು. ಎರಡು ವರ್ಷಗಳ ತರುವಾಯ ಪ್ರಾಕ್ತನಜ್ಞರಾದ ಜಾನ್ ಹರ್ಸ್ಟರು ಜತೆಗೂಡಿದರು. 1990ರ ವರೆಗೆ ಬೇಸಗೆ ಬೇಸಗೆಗೂ ಕೆಲಸವು ನಡೆಯಿತು. ಅರಮನೆಗಾಗಿಯೋ ನಿಧಿಗಾಗಿಯೋ ನಾಲ್ವತ್ತು ವರ್ಷ ನೆಲವನ್ನು ಅಗೆದಿದ್ದರೆ ಸೋಜಿಗವಿರಲಿಲ್ಲ. ಇವರು ಅರಸಿದುದು ರೈತನ ಒಲೆಯನ್ನು!

ಆ ಶೋಧವು ಸುಲಭವಾಗಿರಲಿಲ್ಲ. ಕಿರಿದಾದ ಕಾಲುವೆ ತೋಡಿ ಗೋಡೆಯ ಜಾಡು ಹಿಡಿಯುವ ಹಳೆಯ ಪದ್ಧತಿಯು ದೊಡ್ಡ ಕಟ್ಟಡಗಳಿಗೆ ಸರಿ. ಬಡವನ ಮನೆಯಾದರೋ ಮತ್ತೆ ಮತ್ತೆ ಕಟ್ಟಲ್ಪಡತಕ್ಕದ್ದು, ಪ್ರತಿ ಸಲವೂ ಗೋಡೆ ಅತ್ತಿತ್ತ ಸರಿಯತಕ್ಕದ್ದು. ಆದುದರಿಂದ ಅಗಲವಾದ ನೆಲವನ್ನೇ ತೆರೆದು ಪದರ ಪದರವಾಗಿ ಮಣ್ಣೆತ್ತಿದರು. ಒಂದೇ ಮಾಡಿನ ಕೆಳಗೆ ಒಂದು ಕೊನೆಯಲ್ಲಿ ಜನ, ಮತ್ತೊಂದು ಕೊನೆಯಲ್ಲಿ ದನವಿದ್ದಿರಬೇಕೆಂದು ಶೋಧಕರು ಎಣಿಸಿದರು. ನಮ್ಮ ಹಳ್ಳಿಗರಿಗೆ ಇದು ಹೊಸದಲ್ಲ. ಇಗರ್ಜಿಯ ಆವರಣದಲ್ಲಿ ದೊರೆತ ಸುಮಾರು 700 ಅಸ್ಥಿಪಂಜರಗಳು ಇನ್ನೂ ಹೆಚ್ಚಾಗಿ ಮಾತನಾಡಿದುವು. ತಾಯಂದಿರು ಮಕ್ಕಳಿಗೆ ಸುಮಾರು ಒಂದೂವರೆ ವರ್ಷದ ವರೆಗೆ ಮೊಲೆಯೂಡುತ್ತಿದ್ದರೆಂಬುದನ್ನು ಕೂಡ ಶಿಶುಗಳ ಎಲುಬುಗಳಿಂದಲೇ ವಿಜ್ಞಾನಿಗಳು ತಿಳಿದರು.

ಇಂತಹ ಊರು ಹಾಳಾದುದೇಕೆ? ಮಾರಿಬೇನೆಯಿಂದ ಎಂಬುದು ಬಹುಜನರ ನಂಬಿಕೆ. ದೋಷವನ್ನು ದೈವದ ಮೇಲೆ ಹೊರಿಸಿದರೆ ಯಾರಿಗೂ ನೋವಿಲ್ಲವಷ್ಟೆ. 1348-49ರ ಮಹಾಮಾರಿಯು ದೇಶವನ್ನೆಲ್ಲ ಬಡಿದುದು ನಿಜ. ಆದರೆ ಅದರ ಅನಂತರವೂ ಒಂದೂವರೆ ಶತಮಾನ ಈ ಊರಿನಲ್ಲಿ ಒಲೆಗಳು ಉರಿಯುತ್ತಲೇ ಇದ್ದುವು. ಆಮೇಲೆ ಉಣ್ಣೆಗೆ ಬೆಲೆ ಬಂದಿತು. ಉಳುವ ಹತ್ತಾರು ಕೈಗಳಿಗಿಂತ ಒಬ್ಬ ಕುರುಬನೂ ಅವನ ನಾಯಿಯೂ ಲಾಭಕರವೆಂದು ಜಮೀನುದಾರರಿಗೆ ತೋರಿತು. 1500ರ ಸುಮಾರಿಗೆ ಉಳಿದಿದ್ದ ಕೊನೆಯ ಮನೆಗಳವರನ್ನೂ ಒಕ್ಕಲೆಬ್ಬಿಸಿ ಹೊಲಗಳನ್ನು ಕುರಿಗಳಿಗೆ ಬಿಟ್ಟರು.

ಇಂತಹ ಕೃತ್ಯಗಳು ಹೆಚ್ಚಲಾಗಿ 1517ರಲ್ಲಿ ಎಂಟನೆಯ ಹೆನ್ರಿಯ ಸರಕಾರವು ವಿಚಾರಣೆಯೊಂದನ್ನು ನಡೆಯಿಸಿತು. ಅದರ ಲೆಕ್ಕದಲ್ಲಿ ವಾರಮ್ ಪರ್ಸಿಯೂ ಸೇರಿದೆ: ನಿಂತುಹೋದ ನೇಗಿಲು ನಾಲ್ಕು, ಬಿದ್ದ ಮನೆ ನಾಲ್ಕು.