ಸುಮೋ ಟಿಕೆಟ್ ಸಿಗಲಿಲ್ವಾ? ದುಗ್ಗಮ್ಮನ ಜಾತ್ರೆಗೆ ಬರ್ರಿ

ಸುಮೋ ಕುಸ್ತಿ ನೋಡೋಕೆ
ಟಿಕೆಟ್ ಸಿಗೋದು ಎಷ್ಟು ಕಷ್ಟ, ಗೊತ್ತೇನ್ರಿ?

ಜಪಾನಲ್ಲಿ ವರ್ಷಕ್ಕೆ 6 ಪಂದ್ಯಾವಳಿ.
ಒಂದೊಂದೂ 15 ದಿನ.
ಟಿಕೆಟ್ ಬಿಡೋದು
ಸುಮಾರು ಒಂದು ತಿಂಗಳು ಮುಂಚೆ.
ಹಬ್ಬದ ತತ್ಕಾಲ್ ಥರ,
ನೋಡ್ತಾ ನೋಡ್ತಾ ಖಾಲಿ!
ಹೋಗೋರು ವಾರದ ನಡುವಿನ ದಿನ,
ಮೇಲಿನ ಕುರ್ಚಿ ಹಿಡೀರಿ.

ನಮ್ಮ ಕಡೆ?
ದಾವಣಗೆರೇಲಿ ದುಗ್ಗಮ್ಮನ ಜಾತ್ರೆ,
ಎರಡು ವರ್ಷಕ್ಕೊಮ್ಮೆ.
ಹರಿಹರದಲ್ಲಿ ಊರಮ್ಮನ ಹಬ್ಬ.
ಎರಡರಲ್ಲೂ ಬಯಲು ಜಂಗೀ ಕುಸ್ತಿ!

ಸುಮೋದಲ್ಲಿ ಪಾದ ಬಿಟ್ಟು
ಏನು ನೆಲಕ್ಕೆ ತಾಗಿದ್ರೂ ಸೋಲು.
ಎಷ್ಟೋ ಪಂದ್ಯ ಕೆಲವೇ ಸೆಕೆಂಡು.
ನಮ್ಮಲ್ಲಿ ಬೆನ್ನು ಮಣ್ಣಿಗೆ ತಾಗ್ಬೇಕು.
ಕೆಳಗೆ ಬಿದ್ದವನೂ ತಿರುಗಿ ಪಟ್ಟು ಹಾಕ್ತಾನೆ.
ಅದಕ್ಕೇ ನನಗೆ ನಮ್ಮ ಕುಸ್ತೀನೇ ಹೆಚ್ಚು.

ಜಾತ್ರೆ ದಿನಾಂಕ ಗೊತ್ತಾದ ಕೂಡಲೇ
ಕುಸ್ತಿ ಯಾವತ್ತು ಅಂತ ಕೇಳಿಟ್ಕೊಳ್ರಿ.
ಮಕ್ಕಳನ್ನೂ ಕರ್ಕೊಂಡು ಬರ್ರಿ.