ವೀಸಾ ಬೇಡ ಅಂದರೆ ಏನು ಬೇಡ?

ಬಿನ್ನಿಪೇಟೆಯ ನಮ್ಮ ಹಳೇ ಬೀದಿಯಲ್ಲಿ ಟೀವಿಯಿಂದಾಗಿ ನನಗೆ ಸಿಗುವ ಮರ್ಯಾದೆ ಅಷ್ಟಕ್ಕಷ್ಟೇ. ಬಿನ್ನಿ ಮಿಲ್ಲಿನಲ್ಲಿ ದುಡಿದ ಹಿರಿಯರೊಬ್ಬರು ಈಗಲೂ ನನ್ನನ್ನು ‘ಲೇ ಮಗಾ’ ಅಂತಲೇ ಕರೆಯುವುದು. ಮೊನ್ನೆ ಬೆಳಗ್ಗೆ ಅವರದೇ ಫೋನು. ‘ಲೇ ಮಗಾ, ಬಾರ್ಬಡೋಸ್‌ಗೆ ವೀಸಾ ಬೇಡ ಅಂತ ಟೀವೀಲಿ ನೀನೇ ಹೇಳಿದ್ಯಲ್ಲೋ?’

ಹೇಳಿದ್ದು ನಿಜ. 2024ರ ಜೂನ್ 29ರಂದು ಬಾರ್ಬಡೋಸ್‌ನ ಬ್ರಿಜ್‌ಟೌನ್‌ನಲ್ಲಿ ಭಾರತ ಟಿ20 ವಿಶ್ವಕಪ್ ಗೆದ್ದಿತಲ್ಲ, ನಮ್ಮ ದ್ರಾವಿಡ್ ಕಪ್ ಹಿಡಿದು ಕೂಗಿದರಲ್ಲ, ಆ ವಾರದ ಕಾರ್ಯಕ್ರಮದಲ್ಲಿ ನಾನೇ ಹೇಳಿದ್ದೆ. ಭಾರತದ ಪಾಸ್‌ಪೋರ್ಟ್ ಇದ್ದರೆ ಪ್ರವಾಸಿಯಾಗಿ 90 ದಿನದವರೆಗೆ ಬಾರ್ಬಡೋಸ್‌ಗೆ ವೀಸಾ ಬೇಕಿಲ್ಲ ಅಂತ. ಆ ಮಾತಲ್ಲಿ ತಪ್ಪಿರಲಿಲ್ಲ. ಆದರೆ ಅಲ್ಲಿಗೇ ನಿಲ್ಲಿಸಿದ್ದು ತಪ್ಪು.

ಹಿರಿಯರ ಮಗ, ಸೊಸೆ ಹೊಸದಾಗಿ ಮದುವೆಯಾದವರು. ಏಜೆಂಟ್ ಒಬ್ಬ ಟಿಕೆಟ್ ಮಾಡಿಕೊಟ್ಟ. ಬೆಂಗಳೂರಿನಿಂದ ಗಲ್ಫ್, ಅಲ್ಲಿಂದ ನ್ಯೂಯಾರ್ಕ್, ಅಲ್ಲಿಂದ ಬಾರ್ಬಡೋಸ್. ದೇವನಹಳ್ಳಿ ಏರ್‌ಪೋರ್ಟ್‌ನ ಕೌಂಟರಿನಲ್ಲಿ ಕೇಳಿದ ಪ್ರಶ್ನೆ ಒಂದೇ: ‘ಅಮೆರಿಕದ ವೀಸಾ ಎಲ್ಲಿ?’ ಬೆಳಗಿನ ಜಾವ ಸೂಟ್‌ಕೇಸ್ ಸಮೇತ ಇಬ್ಬರೂ ಬಿನ್ನಿಪೇಟೆಗೆ ವಾಪಸ್. ಟಿಕೆಟ್ ದುಡ್ಡಿನಲ್ಲಿ ಬಹುಪಾಲು ಹೋಯಿತು.

‘ನಾವು ಅಮೆರಿಕಕ್ಕೆ ಹೋಗ್ತಿಲ್ಲ, ಬರೀ ವಿಮಾನ ಬದಲಾಯಿಸ್ತೀವಿ’ ಅಂದರೆ ನಡೆಯಲ್ಲ. ಹೊರದೇಶದಿಂದ ಬಂದವರು ಇಮಿಗ್ರೇಶನ್ ದಾಟದೆ ಇನ್ನೊಂದು ವಿಮಾನ ಹತ್ತುವ ವ್ಯವಸ್ಥೆ ಅಮೆರಿಕದಲ್ಲಿಲ್ಲ. ವೀಸಾ ಇಲ್ಲದೆ ಹಾದುಹೋಗಲು ಮೊದಲು ಇದ್ದ ಸೌಲಭ್ಯವನ್ನು 2003ರ ಆಗಸ್ಟ್‌ನಲ್ಲಿ ನಿಲ್ಲಿಸಿದರು. ಎರಡು ಗಂಟೆ ನಿಲ್ಲಬೇಕಿದ್ದರೂ ಟ್ರಾನ್ಸಿಟ್ ವೀಸಾನೋ ಪ್ರವಾಸಿ ವೀಸಾನೋ ಇರಲೇಬೇಕು. ಅಮೆರಿಕದ ವೀಸಾ ಸಂದರ್ಶನ ಅಂದರೆ ಚೆನ್ನೈ, ಹೈದರಾಬಾದ್ ಅಂತ ಅಲೆದ ಬೆಂಗಳೂರಿನವರಿಗೆ ಅದೇನು ಅಂತ ಹೇಳಬೇಕಿಲ್ಲ.

ನಾನು ಓದಿದ್ದು ಎಂಜಿನಿಯರಿಂಗ್, ಅದಕ್ಕೇ ನನಗೆ ಇದು ಗಣೇಶನ ಪೆಂಡಾಲಿನ ಸೀರಿಯಲ್ ಸೆಟ್ ಥರ ಕಾಣುತ್ತೆ. ನಡುವಿನ ಒಂದು ಬಲ್ಬ್ ಕಿತ್ತರೂ ಸಾಕು, ಸಾಲಿಗೆ ಸಾಲೇ ಆರಿಹೋಗುತ್ತೆ. ಕೊನೆಯ ಬಲ್ಬು ಚೆನ್ನಾಗಿಯೇ ಇರುತ್ತೆ, ಆದರೆ ಕರೆಂಟು ಅಲ್ಲಿವರೆಗೂ ಹೋಗಬೇಕಲ್ಲ.

ತಡೆದಿದ್ದು ವಿಮಾನ ಕಂಪನಿಯವರು ಯಾಕೆ ಅಂತ ಹಿರಿಯರಿಗೆ ಸಿಟ್ಟು. ಅವರ ಕಂಪ್ಯೂಟರಿನಲ್ಲಿ ಟಿಮ್ಯಾಟಿಕ್ ಅಂತ ಒಂದು ಮಾಹಿತಿಕೋಶ ಇರುತ್ತೆ. ಯಾವ ಪಾಸ್‌ಪೋರ್ಟ್, ಯಾವ ದಾರಿ, ಯಾವ ದೇಶ ಅಂತ ಹಾಕಿದರೆ ಬೇಕಾದ ಕಾಗದಪತ್ರವನ್ನೆಲ್ಲ ಅದು ಹೇಳುತ್ತೆ. ಕಾಗದ ಇಲ್ಲದವರನ್ನು ಕರೆದೊಯ್ದರೆ ವಾಪಸ್ ತರುವ ಹೊಣೆ ಕಂಪನಿಯದೇ, ಜೊತೆಗೆ ದಂಡವೂ ಬೀಳಬಹುದು. ಹಾಗಾಗಿ ಕೌಂಟರಿನ ಹುಡುಗಿಯನ್ನು ಬೈದು ಪ್ರಯೋಜನವಿಲ್ಲ.

ಸರಿ, ದಾರಿ ಸಲೀಸಾಯಿತು ಅಂದುಕೊಳ್ಳಿ. ಇಳಿದ ಮೇಲೆ? ಜಮೈಕಾಗೂ ಭಾರತೀಯ ಪ್ರವಾಸಿಗಳಿಗೆ ವೀಸಾ ಬೇಡ. ಆದರೂ 2024ರ ಮೇ 2ರಂದು ದುಬೈನಿಂದ ಭಾರತೀಯರನ್ನು ಹೊತ್ತ ವಿಮಾನವೊಂದು ಕಿಂಗ್‌ಸ್ಟನ್‌ನಲ್ಲಿ ಇಳಿಯಿತು. ಹೋಟೆಲ್ ಬುಕ್ ಆಗಿತ್ತು. ಇವರು ನಿಜಕ್ಕೂ ಪ್ರವಾಸಿಗಳೇ ಅನ್ನುವುದು ಅಲ್ಲಿನ ಅಧಿಕಾರಿಗಳಿಗೆ ಮನವರಿಕೆಯಾಗಲಿಲ್ಲ. ಮೇ 7ರಂದು ಇಡೀ ಗುಂಪನ್ನು ದುಬೈಗೆ ಹಿಂದಕ್ಕೆ ಕಳಿಸಿದರು. ಇದನ್ನು ನಮ್ಮ ವಿದೇಶಾಂಗ ಇಲಾಖೆಯೇ ಹೇಳಿತು. ವೀಸಾ ಬೇಡ ಅಂದರೆ ಮೊದಲೇ ಅರ್ಜಿ ಹಾಕೋದು ಬೇಡ ಅಂತ, ಅಷ್ಟೇ. ಒಳಗೆ ಬಿಡಬೇಕೋ ಬೇಡವೋ ಅನ್ನುವುದನ್ನು ಇಮಿಗ್ರೇಶನ್ ಅಧಿಕಾರಿ ತೀರ್ಮಾನಿಸುತ್ತಾರೆ. ವಾಪಸ್ ಟಿಕೆಟ್, ಉಳಿಯುವ ಜಾಗದ ವಿಳಾಸ, ಖರ್ಚಿಗೆ ದುಡ್ಡು, ಇವನ್ನು ಕೇಳುತ್ತಾರೆ. ಎಲ್ಲಾ ಪ್ರಿಂಟ್ ತೆಗೆದು ಕೈಯಲ್ಲಿಟ್ಟುಕೊಳ್ಳಿ. ಮೊಬೈಲ್ ಚಾರ್ಜ್ ಇಂಥ ಹೊತ್ತಲ್ಲೇ ಖಾಲಿಯಾಗೋದು.

ಹೆಸರಿನ ಗೊಂದಲ ಬೇರೆ. ಡೊಮಿನಿಕಾಗೆ ವೀಸಾ ಬೇಡ, ಡೊಮಿನಿಕನ್ ರಿಪಬ್ಲಿಕ್‌ಗೆ ನಮ್ಮವರಿಗೆ ಸಾಮಾನ್ಯವಾಗಿ ಬೇಕು. ಎರಡೂ ಬೇರೆ ಬೇರೆ ದೇಶ ಸ್ವಾಮೀ.

ಟ್ರಿನಿಡಾಡ್‌ಗೂ 90 ದಿನ ವೀಸಾ ಬೇಡ, ಆದರೆ ಅಲ್ಲಿಂದ ಮರಳುವಾಗ ಕೇಳೋದು ನಮ್ಮ ದೇಶದವರೇ! ಹಳದಿ ಜ್ವರದ ದೇಶಗಳು ಅಂತ ಭಾರತ ಸರ್ಕಾರ ಮಾಡಿರುವ ಪಟ್ಟಿಯಲ್ಲಿ ಟ್ರಿನಿಡಾಡ್ ಇದೆ. ಇದು ಕಾಮಾಲೆ ಅಲ್ಲ, ಸೊಳ್ಳೆಯಿಂದ ಬರುವ ಬೇರೆಯೇ ಕಾಯಿಲೆ. ಅಲ್ಲಿಂದ ಹೊರಟು ಆರು ದಿನದೊಳಗೆ ಲಸಿಕೆ ಕಾರ್ಡ್ ಇಲ್ಲದೆ ಇಲ್ಲಿ ಇಳಿದರೆ, ಆರು ದಿನದವರೆಗೆ ನಿಮ್ಮನ್ನು ಪ್ರತ್ಯೇಕವಾಗಿ ಇರಿಸಬಹುದು. ಲಸಿಕೆಯನ್ನು ಸರ್ಕಾರ ಗೊತ್ತುಮಾಡಿದ ಕೇಂದ್ರದಲ್ಲೇ, ಹೊರಡುವುದಕ್ಕೆ ಕನಿಷ್ಠ 10 ದಿನ ಮೊದಲು ಹಾಕಿಸಿಕೊಳ್ಳಬೇಕು. ಒಮ್ಮೆ ಹಾಕಿಸಿಕೊಂಡರೆ ಆ ಕಾರ್ಡು ಜೀವನಪೂರ್ತಿ ನಡೆಯುತ್ತೆ.

ಜೂನ್‌ನಿಂದ ನವೆಂಬರ್‌ವರೆಗೆ ಅಲ್ಲಿ ಚಂಡಮಾರುತದ ಕಾಲ. ಕಪ್ ಗೆದ್ದ ನಮ್ಮ ತಂಡವೇ ಬೆರಿಲ್ ಚಂಡಮಾರುತಕ್ಕೆ ಏರ್‌ಪೋರ್ಟ್ ಮುಚ್ಚಿ ಬಾರ್ಬಡೋಸ್‌ನಲ್ಲಿ ಸಿಕ್ಕಿಹಾಕಿಕೊಂಡು, ಜುಲೈ 4ಕ್ಕೆ ದೆಹಲಿ ತಲುಪಿತು. ಅವರಿಗೆ ವಿಶೇಷ ವಿಮಾನ ಹೋಯಿತು. ನಮ್ಮ ನಿಮ್ಮಂಥವರಿಗೆ ಹೋಟೆಲ್ ಬಿಲ್ಲು ಬರುತ್ತೆ.

ನಿನ್ನೆ ಹಿರಿಯರ ಮಗ ಹೊಸ ಟಿಕೆಟ್ಟಿನ ಫೋಟೋ ಕಳಿಸಿದ್ದ. ದುಡ್ಡು ಕಟ್ಟೋ ಮೊದಲೇ ಕಳಿಸಿದ್ದು ಪುಣ್ಯ. ಈ ಸಲ ಲಂಡನ್ ದಾರಿ. ಹೀಥ್ರೂನಲ್ಲಿ ಇಳಿದು, ಗ್ಯಾಟ್‌ವಿಕ್‌ನಿಂದ ಹೊರಡುವುದು. ಲಂಡನ್ನಿನಲ್ಲಿ ಏರ್‌ಪೋರ್ಟ್ ಒಳಗೇ ವಿಮಾನ ಬದಲಾಯಿಸುವುದಕ್ಕೂ ನಮ್ಮವರಿಗೆ ಟ್ರಾನ್ಸಿಟ್ ವೀಸಾ ಬೇಕು, ವಿನಾಯಿತಿ ಕೆಲವರಿಗೆ ಮಾತ್ರ. ಇವರು ಹೀಥ್ರೂನಿಂದ ಆಚೆ ಬಂದು, ಊರು ದಾಟಿ ಇನ್ನೊಂದು ಏರ್‌ಪೋರ್ಟಿಗೆ ಹೋಗಬೇಕು. ಅದಕ್ಕೆ ಬೇಕಾದ ವೀಸಾನೇ ಬೇರೆ.

‘ಇನ್ನೂ ಕಟ್ಬೇಡಪ್ಪಾ’ ಅಂತ ಬರೆದು, ಅಪ್ಪನ ಹತ್ತಿರ ಫೋನ್ ಕೊಡು ಅಂದೆ.