ಹುಳುವಿಗೆ ಬೆಚ್ಚಗೆ, ನಮಗೆ ಗಡಗಡ

ದೇವನಹಳ್ಳಿ, ವಿಜಯಪುರದ ಸುತ್ತಮುತ್ತ ರೇಷ್ಮೆ ಸಾಕುವ ಮನೆಗಳಲ್ಲಿ ಚಳಿಗಾಲ ಬಂದರೆ ಒಂದು ತಮಾಷೆ ನೋಡಬಹುದು. ಹುಳು ಮನೆ ಬೆಚ್ಚಗಿರುತ್ತದೆ. ಅದರ ಪಕ್ಕದ ಕೋಣೆಯಲ್ಲಿ ಮನೆಯವರು ಎರಡೆರಡು ರಗ್ಗು ಹೊದ್ದು ನಡುಗುತ್ತಿರುತ್ತಾರೆ. ಹುಳುವಿಗೆ ಚಳಿಯಾದರೆ ಬೆಳೆ ಕೈಕೊಡುತ್ತದೆ, ಗೂಡಿನ ಮಾರುಕಟ್ಟೆಯಲ್ಲಿ ಅದು ರೇಟಿನಲ್ಲೇ ಗೊತ್ತಾಗುತ್ತದೆ. ನಮಗೆ ಚಳಿಯಾದರೆ ಯಾವ ಮಾರುಕಟ್ಟೆಯಲ್ಲೂ ಗೊತ್ತಾಗುವುದಿಲ್ಲ.

ಚಾಕಿ ಹುಳುವಿಗೆ 27–28 ಡಿಗ್ರಿ ಉಷ್ಣಾಂಶ ಬೇಕು. ಕೊನೆಯ ಜ್ವರ ದಾಟಿದ ಹುಳುವಿಗೆ 24–25 ಸಾಕು. ಅದಕ್ಕಾಗಿಯೇ ಹುಳು ಮನೆಯ ಗೋಡೆಯಲ್ಲಿ ಥರ್ಮಾಮೀಟರ್ ತೂಗುತ್ತಿರುತ್ತದೆ. ಕಳೆದ ಡಿಸೆಂಬರಿನಲ್ಲಿ ಅದನ್ನೇ ತಂದು ಅಜ್ಜಿಯೂ ನಾನೂ ಮಲಗುವ ಕೋಣೆಗೆ ನೇತುಹಾಕಿದೆ. ಬೆಳಗಿನ ಜಾವ ಐದಕ್ಕೆ ಹೊರಗೆ 12 ಡಿಗ್ರಿ, ಒಳಗೆ 14. ಚಳಿ ಪ್ರದೇಶಗಳ ಮನೆಯೊಳಗೆ ಕನಿಷ್ಠ 18 ಡಿಗ್ರಿ ಇರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಹೇಳಿದೆ. ವಯಸ್ಸಾದವರಿಗೆ, ಉಸಿರಾಟದ ತೊಂದರೆ ಇರುವವರಿಗೆ ಅದಕ್ಕಿಂತ ಕಡಿಮೆ ಆಗಬಾರದು. ‘ಹುಳ ಸಾಕ್ದಂಗೆ ನಮ್ಮುನ್ನೂ ಒಸಿ ಸಾಕಪ್ಪ’ ಎಂದು ಅಜ್ಜಿ ನಕ್ಕರು. ನನಗೂ ಸೆಮಿಸ್ಟರ್ ಪರೀಕ್ಷೆ ಹತ್ತಿರವಿತ್ತು. ಆ ಚಳಿಯಲ್ಲಿ ಪುಸ್ತಕ ಹಿಡಿದರೆ ಬೆರಳು ಮರಗಟ್ಟುತ್ತಿತ್ತು.

ಆಯಿಲ್ ಹೀಟರ್ ತರೋಣ ಎಂದರು ಅಪ್ಪ. ಅಂಗಡಿಗೆ ಹೋಗುವ ಮೊದಲು ಲೆಕ್ಕ ಹಾಕೋಣ ಎಂದೆ. ಹೀಟ್ ಟ್ರಾನ್ಸ್‌ಫರ್ ಓದಿದ್ದು ಮನೆಗೂ ಬರಲಿ ಎಂಬ ಆಸೆ.

ನಮ್ಮ ಕೋಣೆ 10 ಅಡಿ ಅಗಲ, 12 ಅಡಿ ಉದ್ದ, 10 ಅಡಿ ಎತ್ತರ. ಅದರೊಳಗಿನ ಗಾಳಿ 40 ಕೆ.ಜಿ.ಗಿಂತ ಕಡಿಮೆ. ಅಷ್ಟು ಗಾಳಿಯನ್ನು 12ರಿಂದ 20 ಡಿಗ್ರಿಗೆ ಏರಿಸಲು 1000 ವ್ಯಾಟಿನ ಹೀಟರಿಗೆ ಐದು ನಿಮಿಷ ಸಾಕು. ಹಾಗಾದರೆ ರಾತ್ರಿಯಿಡೀ ಅದು ಉರಿಯಬೇಕೇಕೆ? ಕೊಟ್ಟ ಬಿಸಿ ನಿಲ್ಲುವುದಿಲ್ಲ, ಅದಕ್ಕೆ. ಚಾವಣಿಗೆ ಇರುವುದು ಬರೀ ಸಿಮೆಂಟ್ ಶೀಟ್. ಒಳಗೂ ಹೊರಗೂ ಎಂಟು ಡಿಗ್ರಿ ವ್ಯತ್ಯಾಸವಿದ್ದರೆ ಆ ಶೀಟಿನಿಂದಲೇ ಸುಮಾರು 600 ವ್ಯಾಟ್ ಸೋರಿಹೋಗುತ್ತದೆ. ಮೋಡವಿಲ್ಲದ ರಾತ್ರಿಯಲ್ಲಿ ಇನ್ನೂ ಹೆಚ್ಚು, ಏಕೆಂದರೆ ಶೀಟು ತನ್ನ ಬಿಸಿಯನ್ನು ನೇರವಾಗಿ ಆಕಾಶಕ್ಕೆ ಸೂಸುತ್ತದೆ. ಗೋಡೆ, ಬಾಗಿಲ ಸಂದಿನ ಲೆಕ್ಕ ಬೇರೆ.

ಈಗ ಬಿಲ್ಲಿಗೆ ಬನ್ನಿ. 1000 ವ್ಯಾಟ್ ಎಂಟು ಗಂಟೆ ಉರಿದರೆ 8 ಯೂನಿಟ್. ತಿಂಗಳಿಗೆ 240. 2023ರಲ್ಲಿ ಬಂದ ಗೃಹ ಜ್ಯೋತಿ ಯೋಜನೆಯಲ್ಲಿ ತಿಂಗಳ ಬಳಕೆ 200 ಯೂನಿಟ್ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಅಂದರೆ ಹೀಟರ್ ಒಂದೇ ನಮ್ಮ ಉಚಿತ ಕರೆಂಟನ್ನು ನುಂಗಿಹಾಕುತ್ತದೆ.

ಹುಳು ಮನೆ ಈ ಸಮಸ್ಯೆಯನ್ನು ನಿಭಾಯಿಸುವುದು ಹೇಗೆ? ಅಲ್ಲಿ ಹೀಟರ್ ಕೊನೆಯ ಉಪಾಯ. ಮೊದಲು ಚಾಕಿಯನ್ನು ಸಣ್ಣ ಕೋಣೆಯಲ್ಲಿಡುತ್ತಾರೆ. ತಟ್ಟೆಗೆ ಪ್ಯಾರಾಫಿನ್ ಕಾಗದ ಹೊದಿಸುತ್ತಾರೆ. ಸಂಜೆಯಾಗುವ ಮುನ್ನ ಕಿಟಕಿಗೆ ಗೋಣಿತಾಟು ಇಳಿಬಿಡುತ್ತಾರೆ. ಬಿಸಿಲೇರಿದಾಗ ತೆಗೆದು ಗಾಳಿ ಆಡಲು ಬಿಡುತ್ತಾರೆ. ಬಿಸಿ ಕೊಡುವುದು ಇಷ್ಟೆಲ್ಲ ಆದ ಮೇಲೆ.

ನಾವೂ ಅದನ್ನೇ ಮಾಡಿದೆವು. ಊದುಬತ್ತಿ ಹಚ್ಚಿ ಬಾಗಿಲು, ಕಿಟಕಿಯ ಅಂಚಿನಲ್ಲಿ ಹಿಡಿದೆ. ಹೊಗೆ ಓಲಾಡಿದಲ್ಲೆಲ್ಲ ಸಂದು ಇದೆ ಎಂದರ್ಥ. ಬಾಗಿಲ ಕೆಳಗೆ ಹಳೆ ಸೀರೆಯ ಸುರುಳಿ, ಕಿಟಕಿಗೆ ದಪ್ಪ ಪರದೆ ಬಂತು. ಶೀಟಿನ ಕೆಳಗೆ ಜಿಪ್ಸಮ್ ಬೋರ್ಡಿನ ಫಾಲ್ಸ್ ಸೀಲಿಂಗ್ ಮಾಡಿಸಿ, ಅದರ ಮೇಲೆ ಒಂದಿಂಚು ಥರ್ಮೋಕೋಲ್ ಹಾಸಿದೆವು. ಥರ್ಮೋಕೋಲ್ ಬೇಗ ಹೊತ್ತಿಕೊಳ್ಳುತ್ತದೆ, ಆದ್ದರಿಂದ ಬೋರ್ಡು ಇಲ್ಲದೆ ಬರೀ ಅದನ್ನೇ ಹಾಕಬೇಡಿ. ಈಗ ಚಾವಣಿಯ ಸೋರಿಕೆ 100 ವ್ಯಾಟಿನ ಆಸುಪಾಸು. ಮಲಗಿರುವ ಇಬ್ಬರು ಮನುಷ್ಯರ ಮೈಯಿಂದಲೇ ಸುಮಾರು 150 ವ್ಯಾಟ್ ಬಿಸಿ ಬರುತ್ತದೆ! ಮೊದಲು ಅದೂ ಶೀಟಿನ ಪಾಲಾಗುತ್ತಿತ್ತು. ಹೊರಗೆ 12 ಇದ್ದ ಮತ್ತೊಂದು ಬೆಳಿಗ್ಗೆ, ಹೀಟರ್ ಇಲ್ಲದೆಯೇ, ಒಳಗೆ 17 ತೋರಿಸಿತು. ಖರ್ಚಾಯಿತು ನಿಜ. ಆದರೆ ಇದೇ ಸೀಲಿಂಗ್ ಏಪ್ರಿಲ್‌ನಲ್ಲಿ ಶೀಟಿನ ಕಾವನ್ನೂ ತಡೆಯುತ್ತದೆ.

ಆಮೇಲೆಯೇ ಆಯಿಲ್ ಹೀಟರ್ ಬಂತು. ರಾತ್ರಿ ಮಲಗುವ ಮುನ್ನ ಒಂದು ಗಂಟೆ, ಬೆಳಿಗ್ಗೆ ಓದುವಾಗ ಒಂದು ಗಂಟೆ ಹಾಕುತ್ತೇವೆ. ಇದರೊಳಗಿನ ಎಣ್ಣೆ ಉರಿಯುವುದಿಲ್ಲ, ಖರ್ಚಾಗುವುದಿಲ್ಲ. ಒಂದು ಯೂನಿಟ್ ಕರೆಂಟಿಗೆ ಕಾಯಿಲ್ ಹೀಟರ್ ಕೊಡುವಷ್ಟೇ ಬಿಸಿಯನ್ನು ಇದೂ ಕೊಡುತ್ತದೆ. ಕೆಂಪಗೆ ಕಾದ ತಂತಿ ಇಲ್ಲದಿರುವುದು, ಆರಿಸಿದ ಮೇಲೂ ಸ್ವಲ್ಪ ಹೊತ್ತು ಬೆಚ್ಚಗಿರುವುದು ಇದರ ಅನುಕೂಲ. 2000 ವ್ಯಾಟಿನದು ಸುಮಾರು 9 ಆಂಪಿಯರ್ ಎಳೆಯುತ್ತದೆ. ಆದ್ದರಿಂದ ದೊಡ್ಡ ಮೂರು ಪಿನ್ನಿನ ಪವರ್ ಸಾಕೆಟ್ಟಿಗೇ ಹಾಕಿ, ಎಕ್ಸ್‌ಟೆನ್ಷನ್ ಬಾಕ್ಸಿಗೆ ಬೇಡ. ಮಂಚ, ಪರದೆಯ ಹಿಂದೆ ಅಡಗಿಸಬೇಡಿ, ಬಟ್ಟೆ ಒಣಹಾಕಬೇಡಿ.

ಎಂ.ಎಸ್. ಓದಲು ಜರ್ಮನಿಯಂಥ ದೇಶಕ್ಕೆ ಹೋಗುವವರಿಗೂ ಇದು ಉಪಯೋಗಕ್ಕೆ ಬರುತ್ತದೆ. ಅಲ್ಲಿನ ಕೋಣೆಗಳ ರೇಡಿಯೇಟರಿನಲ್ಲಿ ಹರಿಯುವುದು ಬಿಸಿನೀರು. ಕೆಳಭಾಗ ಬಿಸಿಯಾಗಿ ಮೇಲ್ಭಾಗ ತಣ್ಣಗಿದ್ದರೆ ಒಳಗೆ ಗಾಳಿ ಸಿಕ್ಕಿಕೊಂಡಿದೆ ಎಂದರ್ಥ. ಅದನ್ನು ಹೊರಬಿಡಲು ಪಕ್ಕದಲ್ಲಿ ಸಣ್ಣ ತಿರುಪು ಇರುತ್ತದೆ, ಮನೆ ಮಾಲೀಕರಿಗೆ ಹೇಳಿ ಮಾಡಿಸಿಕೊಳ್ಳಿ. ಹೊರಗೋಡೆಗೆ ಅಂಟಿಕೊಂಡಿದ್ದರೆ ಹಿಂದೆ ಫಾಯಿಲ್ ಹಾಳೆ ಇಟ್ಟರೆ ಗೋಡೆಗೆ ಹೋಗುವ ಬಿಸಿ ಕೋಣೆಗೆ ಮರಳುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ. ಹುಳು ಮನೆಯಲ್ಲಿ ಇದ್ದಿಲ ಒಲೆ ಇಡುವುದುಂಟು. ಅದನ್ನು ನೋಡಿ ಯಾರೂ ಮಲಗುವ ಕೋಣೆಗೆ ಕೆಂಡದ ಬಾಣಲೆ ತರಬಾರದು. ಕೆಂಡದಿಂದ ಬರುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಲವಾಗಿ ಅದನ್ನು ಹಿಡಿದುಕೊಳ್ಳುತ್ತದೆ. ನಿದ್ದೆಯಲ್ಲಿದ್ದವರಿಗೆ ತಿಳಿಯುವುದೇ ಇಲ್ಲ. ಸಂದುಗಳನ್ನು ಮುಚ್ಚಿದ ಕೋಣೆಯಲ್ಲಿ ಅಪಾಯ ಮತ್ತೂ ಹೆಚ್ಚು. ಬಾಡಿಗೆ ರೂಮಿನಲ್ಲಿ ನಾಲ್ಕೈದು ಜನ ಸೇರಿ ಮಲಗುವ ಗೆಳೆಯರು ಇದನ್ನು ನೆನಪಿಡಬೇಕು.

ಶೀಟ್ ಮನೆಯಲ್ಲಿದ್ದು, ಈ ಚಳಿಗೆ ಹೀಟರ್ ಕೊಳ್ಳಬೇಕೆಂದಿದ್ದರೆ ಮೊದಲು ಒಂದು ಥರ್ಮಾಮೀಟರ್, ಒಂದು ಊದುಬತ್ತಿ ತನ್ನಿ. ಬಿಸಿ ಎಲ್ಲಿಂದ ಸೋರುತ್ತಿದೆ ಎಂದು ಗೊತ್ತಾದ ಮೇಲೆ ಎಷ್ಟು ವ್ಯಾಟಿನದು ಬೇಕು, ಬೇಕೇ ಬೇಕಾ ಎಂದು ನೀವೇ ಹೇಳಬಲ್ಲಿರಿ.